ದೂರದ ಲೆಕ್ಕ, ಗಡಿಯಾರದ ಲೆಕ್ಕ

ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಇರುವ ಸುಮಾರು 14,000 ಕಿ.ಮೀ. ದೂರವನ್ನು ವಿಮಾನದ ವೇಗದಿಂದ ಭಾಗಿಸಿ ಪ್ರಯಾಣದ ಅವಧಿಯನ್ನು ನಿರ್ಧರಿಸುವವರು, ಅದು ಭೂಗೋಳದ ಮೇಲಿನ ಅತಿ ಹತ್ತಿರದ ಹಾದಿಯಾದ ಮಹಾವೃತ್ತದ ಅಳತೆಯೆಂಬುದನ್ನೂ, ಗಾಳಿಯ ಕಾರಣದಿಂದ ವಿಮಾನವು ಆ ಹಾದಿಯನ್ನು ಬಿಟ್ಟು ಸುತ್ತಿ ಹೋಗಬಹುದೆಂಬುದನ್ನೂ ಮರೆಯಬಾರದು. ಇದಕ್ಕಿಂತ ದೊಡ್ಡ ತಪ್ಪು ಟಿಕೆಟ್ ಓದುವಾಗ ಆಗುತ್ತದೆ. ಹೊರಡುವ, ತಲುಪುವ ವೇಳೆಗಳೆರಡೂ ಆಯಾ ಊರಿನ ಸ್ಥಳೀಯ ಸಮಯಗಳು. ಮಧ್ಯಾಹ್ನ 2ಕ್ಕೆ ಹೊರಟು 16 ಗಂಟೆ ಹಾರಿದ ವಿಮಾನವು, ಭಾರತಕ್ಕಿಂತ ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ (ಚಳಿಗಾಲದಲ್ಲಿ ಹದಿಮೂರೂವರೆ) ಹಿಂದಿರುವ ಆ ನಗರದಲ್ಲಿ, ಬೇಸಿಗೆಯಾದರೆ ಅದೇ ದಿನ ಸಂಜೆ 5.30ಕ್ಕೆ ಇಳಿಯುತ್ತದೆ. ವಯಸ್ಸಾದ ತಂದೆತಾಯಿಯರನ್ನು ಕಳುಹಿಸಿಕೊಡುವವರು ಈ ಮೂರೂವರೆ ಗಂಟೆಯ ತೋರಿಕೆಯನ್ನು ನಂಬದೆ, ಹಾರಾಟದ ನಿಜವಾದ ಅವಧಿಗೆ ಬೇಕಾಗುವ ಮಾತ್ರೆಗಳನ್ನು ಅವರ ಕೈಚೀಲದಲ್ಲಿಯೇ ಇರಿಸಬೇಕು. ನಡುವೆ ವಿಮಾನ ಬದಲಿಸುವುದಿದ್ದರೆ ಕಾಯುವ ಹೊತ್ತನ್ನೂ ಸೇರಿಸಿಕೊಳ್ಳಬೇಕು.