ಅಳತೆಯೋ? ಸ್ಫುಟತೆಯೋ?

ಕನ್ನಡ ಲಿಪಿಯಲ್ಲಿ ಸಣ್ಣದೊಂದು ಸೀಳಿಗೂ ಬೆಲೆಯುಂಟು. ‘ದನ’ ಎಂಬ ಪದದ ಮೊದಲ ಅಕ್ಷರಕ್ಕೆ ಕೆಳಗೊಂದು ಸೀಳನ್ನೆಳೆದರೆ ಅದು ‘ಧನ’ವಾಗುತ್ತದೆ. ಬೀಳಗಿಯ ವಿದ್ಯಾರ್ಥಿಯೊಬ್ಬನು ಪಠ್ಯಪುಸ್ತಕದ ಪುಟವನ್ನು ಚಿಕ್ಕ ಟ್ಯಾಬ್ಲೆಟ್ಟಿನಲ್ಲಿ ಓದಬೇಕಾದರೆ, ಆ ಸೀಳು ಅವನ ಕಣ್ಣಿಗೆ ಕಾಣುವುದೇ ಎಂಬುದನ್ನು ಕೊಳ್ಳುವ ಮೊದಲೇ ವಿಚಾರಿಸಬೇಕು.

ಪರದೆಯ ಅಳತೆಯನ್ನು ಮೂಲೆಯಿಂದ ಮೂಲೆಗೆ, ಎಂದರೆ ಕರ್ಣದ ಉದ್ದದಿಂದ ಹೇಳುವರು. ಸ್ಫುಟತೆಯನ್ನು ಒಂದು ಅಂಗುಲದಲ್ಲಿ ಅಡಕವಾದ ಬೆಳಕಿನ ಬಿಂದುಗಳಿಂದ, ಎಂದರೆ ಪಿಕ್ಸೆಲ್‌ಗಳಿಂದ ಎಣಿಸುವರು. 2012ರಲ್ಲಿ ಬಂದ ಮೊದಲ ಐಪ್ಯಾಡ್ ಮಿನಿಯ ಕರ್ಣ 7.9 ಅಂಗುಲ; ಅಂಗುಲಕ್ಕೆ 163 ಬಿಂದುಗಳು. 2013ರ ನೆಕ್ಸಸ್ 7ರ ಕರ್ಣ 7 ಅಂಗುಲ, ಬಿಂದುಗಳು 323. ಕರ್ಣಗಳ ಅಂತರ ಒಂದಂಗುಲವೂ ಇಲ್ಲ. ಆದರೆ ಮೊದಲನೆಯದು ಹೆಚ್ಚು ಅಗಲವಾದುದರಿಂದ ಅದರ ವಿಸ್ತೀರ್ಣ ಸುಮಾರು 30 ಚದರ ಅಂಗುಲ. ಎರಡನೆಯದರದು 22 ಮಾತ್ರ. ಆದುದರಿಂದ ಒಂದೇ ಪುಟವು ಮೊದಲನೆಯದರಲ್ಲಿ ದೊಡ್ಡದಾಗಿ, ಆದರೆ ಮಸುಕಾಗಿಯೂ, ಎರಡನೆಯದರಲ್ಲಿ ಚಿಕ್ಕದಾಗಿ, ಆದರೆ ಸ್ಪಷ್ಟವಾಗಿಯೂ ಮೂಡುತ್ತದೆ. ಅಕ್ಷರವನ್ನು ಹಿಗ್ಗಿಸಬಹುದು, ನಿಜ. ಆಗ ಸಾಲು ಪರದೆಯಿಂದಾಚೆ ಸರಿಯುತ್ತದೆ. ಬೆರಳು ಪುಟವನ್ನು ಅತ್ತಿತ್ತ ಎಳೆಯುತ್ತಿದ್ದರೆ ಮನಸ್ಸು ಅರ್ಥದಲ್ಲಿ ನಿಲ್ಲದು.

ಕಣ್ಣಿನ ಶಕ್ತಿಗೂ ಒಂದು ಮಿತಿಯುಂಟು. ಅಂಗುಲಕ್ಕೆ ಸುಮಾರು 300 ಬಿಂದುಗಳನ್ನು ಮೀರಿದರೆ, ಒಂದು ಅಡಿ ದೂರದಿಂದ ನೋಡುವ ಸಾಮಾನ್ಯ ದೃಷ್ಟಿಯು ಅವನ್ನು ಬಿಡಿಬಿಡಿಯಾಗಿ ಗುರುತಿಸಲಾರದು. ಅಲ್ಲಿಯವರೆಗೆ ಸ್ಫುಟತೆಯನ್ನೂ ಅಲ್ಲಿಂದಾಚೆಗೆ ಅಳತೆಯನ್ನೂ ಅರಸುವುದು ವಿವೇಕ.

ಅಂಗಡಿಯಲ್ಲಿಯೇ ಕನ್ನಡದ ಒಂದು ಪುಟವನ್ನು ತೆರೆದು, ಒಂದು ಅಡಿ ದೂರದಲ್ಲಿ ಹಿಡಿದು, ದಕಾರ ಧಕಾರಗಳು ಬೇರೆಬೇರೆಯಾಗಿ ಕಾಣುವುವೇ ಎಂದು ಪರೀಕ್ಷಿಸಬೇಕು. ಮಾರುವವನ ಹೊಗಳಿಕೆಗಿಂತ ತನ್ನ ಕಣ್ಣಿನ ಪರೀಕ್ಷೆಯೇ ಕೊಳ್ಳುವವನಿಗೆ ನಂಬತಕ್ಕ ಪ್ರಮಾಣ.