ಕೋವಿಗೆ ಲೈಸೆನ್ಸ್ ಇದೆ, ಹಂದಿಗೆ ಇಲ್ಲ

ಭತ್ತಕ್ಕೆ ಹಾಲು ತುಂಬುವ ಹೊತ್ತಿಗೆ ಮಲೆನಾಡಿನ ಕೋರ್ಟುಗಳಿಗೆ ಒಂದು ಬಗೆಯ ಕೇಸು ಬರಲು ಶುರುವಾಗುತ್ತದೆ. ಆರೋಪಿ ಹೆಚ್ಚಾಗಿ ಎರಡೆಕರೆ ಗದ್ದೆ, ಒಂದಿಷ್ಟು ಅಡಿಕೆ ತೋಟ ಇರುವ ರೈತ. ಬೇಟೆಯ ಹುಚ್ಚಿನವನೂ ಅಲ್ಲ. ಮಾಸಿದ ಲೈಸೆನ್ಸ್ ಪುಸ್ತಕ ತಂದು ಮೇಜಿನ ಮೇಲಿಟ್ಟು, “ಬೆಳೆ ರಕ್ಷಣೆಗೆ ಅಂತ ಸರ್ಕಾರವೇ ಬರೆದುಕೊಟ್ಟಿದೆಯಲ್ಲ ಸ್ವಾಮಿ, ಮತ್ತೆ ಕೇಸು ಹೇಗೆ?” ಎಂದು ಕೇಳುತ್ತಾನೆ.

ಕೇಳುವುದು ಸರಿಯಾಗಿಯೇ ಇದೆ. ಆದರೆ ಆ ಪುಸ್ತಕ ಕೊಟ್ಟಿರುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ. ಕೋವಿ ಇಟ್ಟುಕೊಳ್ಳಲು ಮಾತ್ರ ಅದು ಒಪ್ಪಿಗೆ. ಪ್ರಾಣಿಯ ಮೇಲೆ ಈಡು ಹಾರಿದ ಮೇಲೆ ನೀವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕೈಗೆ ಸಿಕ್ಕಿದಿರಿ ಎಂದೇ ಲೆಕ್ಕ. ಅದರ 9ನೇ ಸೆಕ್ಷನ್ ಬೇಟೆಯನ್ನು ನಿಷೇಧಿಸಿದೆ. ಪ್ರಾಣಿ ಸತ್ತರೆ ಮಾತ್ರ ಬೇಟೆ ಎಂದುಕೊಳ್ಳಬೇಡಿ. ಗಾಯಗೊಳಿಸುವುದು, ಉರುಳು ಇಡುವುದು, ವಿಷ ಹಾಕುವುದು, ಗುರಿ ತಪ್ಪಿದ ಪ್ರಯತ್ನ ಕೂಡ ಬೇಟೆಯೇ. ಒಂದು ನವೀಕರಣಕ್ಕೆ ತಿಂಗಳುಗಟ್ಟಲೆ ಅಲೆಸುವ ಕಚೇರಿಗಳು ಈ ಮಾತನ್ನು ಒಂದು ಸೀಲು ಮಾಡಿಸಿ ಪುಸ್ತಕದ ಮೇಲೆ ಒತ್ತಿಕೊಟ್ಟಿದ್ದರೆ ಎಷ್ಟೋ ಮನೆಗಳು ಉಳಿಯುತ್ತಿದ್ದವು.

ಮೊನ್ನೆ ಒಬ್ಬರು ಮೊಬೈಲ್ ಹಿಡಿದು ಬಂದರು. ಹೊರದೇಶಗಳಲ್ಲಿ ಸೀಸದ ಗುಂಡಿಗೆ ಮಾತ್ರ ನಿಷೇಧವಂತೆ, ಉಕ್ಕಿನ ಚರೆ ಹಾಕಿದರೆ ತಪ್ಪಿಲ್ಲವಂತೆ, ನಾವೂ ಹಾಗೇ ಮಾಡಿದರೆ? ಅವರು ಓದಿದ್ದು ಸುಳ್ಳಲ್ಲ. ಅಮೆರಿಕದಲ್ಲಿ 1991ರಿಂದ ನೀರುಹಕ್ಕಿಗಳ ಬೇಟೆಗೆ ಸೀಸದ ಚರೆ ಬಳಸುವಂತಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈ 1ರಿಂದ ಯಾವ ಬೇಟೆಗೂ ಸೀಸದ ಗುಂಡು ಕೂಡದು. ಗುಂಡು ತಿಂದ ಪ್ರಾಣಿಯ ಮೈಯಲ್ಲಿ ಸೀಸದ ಚೂರು ಉಳಿಯುತ್ತದೆ, ಅದನ್ನು ತಿಂದ ರಣಹದ್ದು ವಿಷವೇರಿ ಸಾಯುತ್ತದೆ ಎಂಬುದು ಅಲ್ಲಿನ ಕಾರಣ. ಆದರೆ ಅಲ್ಲಿ ಬೇಟೆಗೇ ಪರವಾನಗಿ ಸಿಗುತ್ತದೆ. ನಮ್ಮಲ್ಲಿ ಬೇಟೆಯೇ ಅಪರಾಧ. ಇಲ್ಲಿನ ನ್ಯಾಯಾಧೀಶರು ಗುಂಡು ಯಾವ ಲೋಹದ್ದು ಎಂದು ಕೇಳುವುದಿಲ್ಲ, ಯಾರಿಗೆ ತಗುಲಿತು ಎಂದು ಕೇಳುತ್ತಾರೆ.

ಹಾಗಾದರೆ ಯಾವಾಗಲೂ ಹೊಡೆಯುವಂತಿಲ್ಲವೇ? ಎರಡು ಬಾಗಿಲಿವೆ, ಎರಡೂ ಕಿರಿದು. ಒಂದು ಆತ್ಮರಕ್ಷಣೆ. ನಿಮ್ಮ ಅಥವಾ ಇನ್ನೊಬ್ಬರ ಪ್ರಾಣ ಉಳಿಸಲು ಸದುದ್ದೇಶದಿಂದ ಪ್ರಾಣಿಯನ್ನು ಕೊಂದರೆ 11ನೇ ಸೆಕ್ಷನ್ ಪ್ರಕಾರ ಅಪರಾಧವಲ್ಲ. ಗಮನಿಸಿ, ಅಲ್ಲಿರುವುದು ಮನುಷ್ಯನ ರಕ್ಷಣೆ. ಅಡಿಕೆ, ಬಾಳೆ, ಭತ್ತದ ಹೆಸರಿಲ್ಲ. ಉರುಳು ಇಡಲು ಹೋದಾಗಲೋ ಅಭಯಾರಣ್ಯಕ್ಕೆ ಕೋವಿ ಹಿಡಿದು ನುಗ್ಗಿದಾಗಲೋ ಹಂದಿ ಮೈಮೇಲೆ ಬಂದಿತು ಎಂದರೆ ಆ ರಕ್ಷಣೆಯೂ ಇಲ್ಲ. ಆಗಲೇ ಒಂದು ಅಪರಾಧ ಮಾಡುತ್ತಿದ್ದವನಿಗೆ ಅದು ಸಿಗುವುದಿಲ್ಲ. ಸತ್ತ ಪ್ರಾಣಿಯಂತೂ ಸರ್ಕಾರದ ಸೊತ್ತು. ಮಾಂಸ ಹಂಚಿಕೊಂಡ ಮೇಲೆ ಆತ್ಮರಕ್ಷಣೆ ಎಂದರೆ ಯಾರೂ ನಂಬುವುದಿಲ್ಲ.

ಎರಡನೆಯದು ಲಿಖಿತ ಆದೇಶ. ಕಾಡುಹಂದಿ ಎರಡನೇ ಅನುಸೂಚಿಯಲ್ಲಿದೆ. ಆ ಪಟ್ಟಿಯ ಪ್ರಾಣಿ ಬೆಳೆದು ನಿಂತ ಬೆಳೆಗೆ ಅಪಾಯಕಾರಿಯಾಗಿದ್ದರೆ, ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿ ಕಾರಣ ಬರೆದು ಕೊಲ್ಲಲು ಅನುಮತಿ ಕೊಡಬಹುದು. ಆನೆ, ಕಾಟಿ, ಚಿರತೆ, ನವಿಲು ಮೊದಲನೇ ಅನುಸೂಚಿಯವು. ಅಲ್ಲಿ ಬೆಳೆ ಹಾನಿಯ ಮಾತೇ ನಡೆಯದು. ಆದೇಶ ಕಾಗದದ ಮೇಲಿರಬೇಕು, ನಿಮ್ಮ ಕೈಯಲ್ಲಿರಬೇಕು. ಗಾರ್ಡ್ ಬಂದು, “ಹೊಡ್ಕೊಳ್ಳಿ, ನಾ ನೋಡ್ಲಿಲ್ಲ ಅಂತ ಇರ್ತೀನಿ” ಎಂದದ್ದು ಅನುಮತಿಯಲ್ಲ. ಹಾಗೆ ಹೇಳಿದವರೇ ಮಹಜರಿಗೆ ಸಹಿ ಹಾಕಿ ಸಾಕ್ಷಿ ಕಟ್ಟೆ ಹತ್ತುವುದನ್ನು ನಾನು ಕಂಡಿದ್ದೇನೆ. ಕೇರಳದ ಸುದ್ದಿಯನ್ನೂ ನೆಚ್ಚಬೇಡಿ. ಅಲ್ಲಿ 2022ರಲ್ಲಿ ಹಂದಿ ಹೊಡೆಸುವ ಅಧಿಕಾರವನ್ನು ಪಂಚಾಯಿತಿಗಳಿಗೆ ಕೊಟ್ಟದ್ದು ನಿಜ. ಆ ಆದೇಶ ಗಡಿ ದಾಟಿ ಇಲ್ಲಿಗೆ ಬರುವುದಿಲ್ಲ. ಬಿಹಾರ, ಉತ್ತರಾಖಂಡಗಳಲ್ಲಿ ಕೇಂದ್ರ ಸರ್ಕಾರ ಹಂದಿಯನ್ನು ಪೀಡಕ ಪ್ರಾಣಿ ಎಂದು ಸಾರಿದ್ದೂ ಇಂತಿಷ್ಟು ಕಾಲಕ್ಕೆ, ಇಂತಿಂಥ ಪ್ರದೇಶಕ್ಕೆ ಮಾತ್ರ.

ಉರುಳಿನ ವಿಷಯ ಇನ್ನೂ ಕೆಟ್ಟದು. ಬೈಕಿನ ಕ್ಲಚ್ ತಂತಿಯಲ್ಲಿ ಹಂದಿಗೆಂದು ಕಟ್ಟಿದ ಉರುಳಿಗೆ ಬೆಳಗಿನ ಜಾವ ಚಿರತೆ ಬಿದ್ದಿರುತ್ತದೆ. ಎರಡನೇ ಅನುಸೂಚಿಯ ಪ್ರಾಣಿಯಾದರೆ ಮೂರು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಚಿರತೆಯಾದರೆ ಕನಿಷ್ಠವೇ ಮೂರು ವರ್ಷ, ಗರಿಷ್ಠ ಏಳು, ಜೊತೆಗೆ 25,000ಕ್ಕೆ ಕಡಿಮೆಯಿಲ್ಲದ ದಂಡ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನದೊಳಗೆ ಬೇಟೆಯಾಡಿದರೂ ಇದೇ ಶಿಕ್ಷೆ. ಬೇಲಿಗೆ ಕರೆಂಟು ಬಿಟ್ಟವರ ಪಾಡು ಇದಕ್ಕಿಂತ ಘೋರ, ಏಕೆಂದರೆ ತಂತಿಗೆ ಹಂದಿ ಯಾವುದು, ಪಕ್ಕದ ಮನೆಯ ಹುಡುಗ ಯಾರು ಎಂದು ತಿಳಿಯುವುದಿಲ್ಲ.

ಈಗ ಜನ ಅತಿ ಹೆಚ್ಚು ಕಳೆದುಕೊಳ್ಳುವ ಜಾಗಕ್ಕೆ ಬರುತ್ತೇನೆ. ಅದು ವಲಯ ಅರಣ್ಯಾಧಿಕಾರಿಯ ಕಚೇರಿಯ ಮೇಜು. ರಾತ್ರಿ ಕರೆದೊಯ್ದಿರುತ್ತಾರೆ. ಕೈಗೆ ಕಾಫಿ ಕೊಟ್ಟು, “ತೋಟಕ್ಕೆ ಬಂತು, ಹೊಡೆದೆ ಅಂತ ಬರ್ಕೊಡಿ, ಫೈನ್ ಹಾಕಿ ಬಿಟ್ಬಿಡ್ತೀವಿ” ಎನ್ನುತ್ತಾರೆ. ರೈತನಿಗೆ ಅದು ಸಮಜಾಯಿಷಿಯಂತೆ ಕಾಣುತ್ತದೆ. ಬೆಳೆಗಾಗಿ ಹೊಡೆದೆ ಎಂದರೆ ತಾನು ಬಚಾವು ಎಂದುಕೊಂಡು ಸಹಿ ಹಾಕುತ್ತಾನೆ. ಅದು ಅಪರಾಧದ ಪೂರ್ತಿ ಒಪ್ಪಿಗೆ. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಡೆಯುವುದಿಲ್ಲ ಎಂದು ಸಿನಿಮಾ ನೋಡಿದವರಿಗೂ ಗೊತ್ತು. ಆದರೆ ಅರಣ್ಯಾಧಿಕಾರಿ ಪೊಲೀಸ್ ಅಧಿಕಾರಿಯಲ್ಲ ಎಂದು ನ್ಯಾಯಾಲಯಗಳು ಹಲವು ಸಲ ಹೇಳಿವೆ. ಆದ್ದರಿಂದ ಅಲ್ಲಿ ಬರೆದುಕೊಟ್ಟದ್ದು ನಿಮ್ಮ ವಿರುದ್ಧ ಸಾಕ್ಷ್ಯವಾಗಬಲ್ಲದು. ಆ ಕಾಗದ ಕಡತಕ್ಕೆ ಸೇರಿದ ಮೇಲೆ ನನ್ನಂಥ ವಕೀಲ ಮಾಡಬಹುದಾದದ್ದು ಬಹಳ ಕಡಿಮೆ.

ಹಾಗಾಗಿ ಹೆಸರು, ವಿಳಾಸ, ಲೈಸೆನ್ಸ್ ವಿವರ ಕೊಡಿ. ಸೌಜನ್ಯದಿಂದಲೇ ಇರಿ, ಕೂಗಾಡಬೇಡಿ. ಘಟನೆಯ ಬಗ್ಗೆ ಬರೆದುಕೊಡಲು ಹೇಳಿದರೆ, ವಕೀಲರನ್ನು ಕೇಳದೆ ಬರೆಯುವುದಿಲ್ಲ ಎನ್ನಿ. ನಿಮ್ಮ ವಿರುದ್ಧ ನೀವೇ ಸಾಕ್ಷಿ ಹೇಳುವಂತೆ ಯಾರೂ ಬಲವಂತ ಮಾಡುವಂತಿಲ್ಲ, ಅದು ಸಂವಿಧಾನ ಕೊಟ್ಟ ಹಕ್ಕು. ಖಾಲಿ ಹಾಳೆಗೆ ಸಹಿ ಬೇಡವೇ ಬೇಡ. ಬಂಧನದ ಕಾರಣವನ್ನು ಬರಹದಲ್ಲಿ ಕೇಳಿ. ಇಪ್ಪತ್ನಾಲ್ಕು ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಲೇಬೇಕು. ಬೆದರಿಸಿಯೋ ಆಸೆ ತೋರಿಸಿಯೋ ಸಹಿ ಹಾಕಿಸಿಕೊಂಡಿದ್ದರೆ ಮ್ಯಾಜಿಸ್ಟ್ರೇಟರಿಗೆ ಆ ಮೊದಲ ದಿನವೇ ಹೇಳಬೇಕು. ಆರು ತಿಂಗಳು ಬಿಟ್ಟು ಹೇಳಿದರೆ ಅದಕ್ಕೆ ಬೆಲೆ ಇರುವುದಿಲ್ಲ.

ಫೈನ್ ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ. 54ನೇ ಸೆಕ್ಷನ್ನಿನಡಿ ಕೆಲವು ಅಪರಾಧಗಳನ್ನು ಹಣ ಕಟ್ಟಿ ರಾಜಿ ಮಾಡಿಕೊಳ್ಳಬಹುದು. ಆದರೆ ಕನಿಷ್ಠ ಶಿಕ್ಷೆ ಇರುವ ಅಪರಾಧಕ್ಕೆ ಅದು ಅನ್ವಯಿಸುವುದಿಲ್ಲ, ಅಧಿಕಾರವಿರುವ ಅಧಿಕಾರಿಯೇ ಮಾಡಬೇಕು, ಮೊತ್ತ ಐದು ಲಕ್ಷದವರೆಗೂ ಹೋಗಬಹುದು. ರಸೀದಿ ಇಲ್ಲದೆ ಕೊಟ್ಟ ಹಣ ಲಂಚ. ಆಫೀಸಿನ ಹೊರಗಿನ ಚಹಾ ಅಂಗಡಿಯಲ್ಲಿ ಕೂತು “ಸಾಹೇಬರಿಗೆ ಹೇಳ್ತೀನಿ” ಎನ್ನುವ ಮಹಾನುಭಾವನಿಗೆ ಕೊಟ್ಟದ್ದು ಲಂಚವೂ ಅಲ್ಲ, ನೀರಿನಲ್ಲಿ ಮಾಡಿದ ಹೋಮ. ಜೀಪು ಹಿಡಿದಿದ್ದರೆ ಅದು ಸರ್ಕಾರದ್ದಾಗಿ ಹೋಯಿತು ಎಂದು ಹೆದರಿಸುವವರಿದ್ದಾರೆ. ಅಪರಾಧಕ್ಕೆ ಬಳಸಿದ್ದು ಎಂದು ಕೋರ್ಟು ತೀರ್ಮಾನಿಸುವವರೆಗೆ ಹಾಗಾಗುವುದಿಲ್ಲ ಎಂದು 2008ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಮಧ್ಯಂತರ ಬಿಡುಗಡೆಗೆ ಮ್ಯಾಜಿಸ್ಟ್ರೇಟರಲ್ಲಿ ಅರ್ಜಿ ಹಾಕಿ.

ಇನ್ನು ಕೋವಿಯ ಕಾಗದ. ಲೈಸೆನ್ಸ್ ಅವಧಿ ಈಗ ಐದು ವರ್ಷ. ಮುಗಿಯುವ ಎರಡು ತಿಂಗಳು ಮೊದಲೇ ನವೀಕರಣಕ್ಕೆ ಅರ್ಜಿ ಕೊಟ್ಟು ಸ್ವೀಕೃತಿ ಇಟ್ಟುಕೊಳ್ಳಿ. ಏಜೆಂಟನ ಕೈಗೆ ಮೂಲ ಪುಸ್ತಕ ಕೊಡಬೇಡಿ. ಆಸ್ತಿ ಸಾಲದು ಎಂಬ ಒಂದೇ ಕಾರಣಕ್ಕೆ ಲೈಸೆನ್ಸ್ ನಿರಾಕರಿಸುವಂತಿಲ್ಲ. ನಿರಾಕರಿಸಿದರೆ ಲಿಖಿತ ಕಾರಣ ಕೇಳಿ, ತಿಂಗಳೊಳಗೆ ಶಸ್ತ್ರಾಸ್ತ್ರ ಕಾಯ್ದೆಯ 18ನೇ ಸೆಕ್ಷನ್ ಪ್ರಕಾರ ಮೇಲ್ಮನವಿ ಹಾಕಿ. ತೋಟ ಕಾಯುವ ಆಳಿನ ಕೈಗೆ ಕೋವಿ ಕೊಟ್ಟು ಮಲಗಿದರೆ ಇಬ್ಬರ ಮೇಲೂ ಕೇಸು. ಅಪ್ಪ ತೀರಿಕೊಂಡ ಮೇಲೆ ಕೋವಿ ಅಟ್ಟದ ಮೇಲೆ ಇರಕೂಡದು. ತಡಮಾಡದೆ ಠಾಣೆಯಲ್ಲೋ ಪರವಾನಗಿ ಇರುವ ಡೀಲರ್ ಬಳಿಯೋ ಇಟ್ಟು ರಸೀದಿ ಪಡೆದು, ವಾರಸುದಾರರಾಗಿ ನಿಮ್ಮ ಹೆಸರಿಗೆ ಅರ್ಜಿ ಹಾಕಿ. ಲೈಸೆನ್ಸ್ ಇಲ್ಲದ ಕೋವಿ ಮನೆಯಲ್ಲಿ ಸಿಕ್ಕರೆ ಎರಡರಿಂದ ಐದು ವರ್ಷ. ಅದು ಅಪ್ಪನದು ಎಂಬುದು ಉತ್ತರವಾಗುವುದಿಲ್ಲ.

ಅಭಯಾರಣ್ಯದ ಸುತ್ತ ಹತ್ತು ಕಿಲೋಮೀಟರ್ ವ್ಯಾಪ್ತಿಯಲ್ಲಿ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆಯಿಲ್ಲದೆ ಹೊಸ ಲೈಸೆನ್ಸ್ ಕೊಡುವಂತಿಲ್ಲ. ಆ ವಲಯದಲ್ಲಿ ವಾಸಿಸುವ ಹಳೆಯ ಲೈಸೆನ್ಸ್‌ದಾರರೂ ಅರಣ್ಯ ಇಲಾಖೆಯಲ್ಲಿ ಹೆಸರು ನೋಂದಾಯಿಸಬೇಕು. ಲೈಸೆನ್ಸಿನಿಂದ ವಿನಾಯಿತಿ ಪಡೆದವರಿಗೂ ಈ ನೋಂದಣಿ ತಪ್ಪದು. ಕೊಡಗಿನವರು ಇದನ್ನು ಎರಡು ಸಲ ಓದಿ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ 2029ರ ಅಕ್ಟೋಬರ್ 31ರವರೆಗೆ ಇರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ, ಬೇಟೆಗಲ್ಲ.

ಬೆಳೆ ಹೋದವರು ಕೋವಿಗಿಂತ ಮೊದಲು ಅರ್ಜಿ ಹಿಡಿಯಿರಿ. ಹಾನಿಯ ಫೋಟೊ, ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಜೊತೆ ವಲಯ ಅರಣ್ಯ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಪಹಣಿ ಇನ್ನೂ ಅಜ್ಜನ ಹೆಸರಿನಲ್ಲಿದ್ದರೆ ಹಣ ಅಲ್ಲೇ ಸಿಕ್ಕಿಕೊಳ್ಳುತ್ತದೆ, ಪೌತಿ ಖಾತೆ ಮೊದಲು ಮಾಡಿಸಿ. ಪರಿಹಾರ ಪುಡಿಗಾಸು ಎಂದು ಬೈಯುವವರ ಜೊತೆ ನಾನೂ ಇದ್ದೇನೆ. ಆದರೂ ಅರ್ಜಿ ಹಾಕಿ: ಹಂದಿ ಹೊಡೆಯಲು ಲಿಖಿತ ಆದೇಶ ಕೇಳುವ ದಿನ ನಿಮ್ಮ ಕೈಯಲ್ಲಿರುವ ಪುರಾವೆ ಆ ಅರ್ಜಿಗಳೇ.

ಯಾರನ್ನಾದರೂ ಹಿಡಿದೊಯ್ದರೆ 15100ಕ್ಕೆ ಕರೆ ಮಾಡಿ, ಇಲ್ಲವೇ ತಾಲ್ಲೂಕು ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಿ. ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ, ವಕೀಲರು ಉಚಿತ.