ಆ ಒಂದು ‘ಆದ್ದರಿಂದ’

ನಿನ್ನೆ ಫೋನಿನಲ್ಲಿ ನೀನು ಅಷ್ಟು ಸಂಭ್ರಮದಿಂದ ಹೇಳುತ್ತಿದ್ದೆ, ನಡುವೆ ಬಾಯಿ ಹಾಕಲು ಮನಸ್ಸಾಗಲಿಲ್ಲ ಮಗೂ. ಕಾಲಮ್‌ನಿಂದ ಇಳಿದ ಹನ್ನೊಂದನೇ ಟ್ಯೂಬಿನಲ್ಲಿ ಪಾಲಿಮರೇಸ್ ಚಟುವಟಿಕೆ ಜೋರಾಗಿದೆ, ಅದನ್ನೇ ಜೆಲ್‌ನಲ್ಲಿ ಓಡಿಸಿದರೆ ದಪ್ಪ ನೀಲಿ ಪಟ್ಟಿ ಬಂದಿದೆ, ಆದ್ದರಿಂದ ಡಿಎನ್‌ಎ ಕಟ್ಟುವ ಸಬ್‌ಯುನಿಟ್ ಅದೇ ಅಂದೆ. ಆ ‘ಆದ್ದರಿಂದ’ದ ಹತ್ತಿರ ಸ್ವಲ್ಪ ನಿಲ್ಲು. ಮದುವೆ ಮನೆಯಲ್ಲಿ ಎದ್ದು ಕಾಣುವವರೇ ಅಡುಗೆ ಮಾಡಿರುವುದಿಲ್ಲ. ಕಣ್ಣಿಗೆ ಕಂಡೂ ಕಾಣದಷ್ಟು ಮಸುಕಾದ ಕಿಣ್ವವೂ ಟ್ಯೂಬಿನ ಕೆಲಸವನ್ನೆಲ್ಲ ಮಾಡಿ ಮುಗಿಸಬಲ್ಲದು.

ಇ. ಕೋಲೈಯ ಪಾಲಿಮರೇಸ್ 3ರ ಕತೆ ನಿನಗೆ ಗೊತ್ತಿರುವುದೇ. ಆದರೂ ಕೇಳು. 1956ರಲ್ಲಿ ಆರ್ಥರ್ ಕೋರ್ನ್‌ಬರ್ಗ್ ಕಂಡುಹಿಡಿದ ಪಾಲಿಮರೇಸ್ 1 ಒಂಟಿ ಸರಪಳಿ. ಕಟ್ಟುವುದೂ ಅದೇ, ತಪ್ಪಿದ್ದನ್ನು ಕತ್ತರಿಸುವುದೂ ಅದೇ. 1969ರಲ್ಲಿ ಕೈರ್ನ್ಸ್ ಮತ್ತು ಡಿ ಲೂಸಿಯಾ ಆ ಕಿಣ್ವದ ಚಟುವಟಿಕೆ ಬಹುಪಾಲು ಇಲ್ಲದ ಬ್ಯಾಕ್ಟೀರಿಯಾ ಹುಡುಕಿದರು. ಅದು ಆರಾಮಾಗಿ ಬೆಳೆಯುತ್ತಿತ್ತು! ಹಾಗಾದರೆ ಅಸಲಿ ಕೆಲಸಗಾರ ಬೇರೆ ಎಂದು ಹುಡುಕಾಟ ಶುರುವಾಯಿತು. ಶಾಖ ತಾಳದ, ಡಿಎನ್‌ಎಇ ಎಂಬ ಜೀನಿನ ರೂಪಾಂತರಿಗಳಿಂದ ತೆಗೆದ ಪಾಲಿಮರೇಸ್ 3 ಟ್ಯೂಬಿನಲ್ಲೂ ಶಾಖಕ್ಕೆ ಸೋತಿತು. ಜೀನು, ಕಿಣ್ವ ಎರಡಕ್ಕೂ ಗಂಟು ಬಿದ್ದದ್ದು ಅಲ್ಲಿ.

ಆದರೆ ಪಾಲಿಮರೇಸ್ 3ರ ತಿರುಳಿನಲ್ಲಿ ಇದ್ದವರು ಮೂವರು: ಸುಮಾರು 1,30,000 ಡಾಲ್ಟನ್ ತೂಕದ ಆಲ್ಫಾ, 27,500ರ ಎಪ್ಸಿಲಾನ್, ಪುಟಾಣಿ ಥೀಟಾ. ಪಾಲಿಮರೇಸ್ 1ನ್ನು ನೋಡಿ ಅಭ್ಯಾಸವಾದ ಕಣ್ಣಿಗೆ ಎರಡೂ ಕೆಲಸ ಆಲ್ಫಾದ್ದೇ ಅನ್ನಿಸುವುದು ಸಹಜ. 1984ರಲ್ಲಿ ಶೂಯರ್‌ಮನ್ ಮತ್ತು ಎಕೋಲ್ಸ್ ಕತ್ತರಿ ಇರುವುದು ಎಪ್ಸಿಲಾನ್ ಕೈಯಲ್ಲಿ ಎಂದು ತೋರಿಸಿದರು. ಮರುವರ್ಷ ಮಾಕಿ ಮತ್ತು ಕೋರ್ನ್‌ಬರ್ಗ್ ಆಲ್ಫಾ ಒಂದನ್ನೇ ಶುದ್ಧಮಾಡಿ ನೋಡಿದರು: ಕಟ್ಟುತ್ತದೆ, ಕತ್ತರಿಸುವುದಿಲ್ಲ. ಗುಂಪಿನಲ್ಲಿ ನೋಡಿ ಊಹಿಸಲಿಲ್ಲ, ಒಬ್ಬೊಬ್ಬರನ್ನೇ ಕರೆದು ಕೆಲಸ ಕೊಟ್ಟರು.

ನಾನೂ ಒಮ್ಮೆ ಎಡವಿದವನೇ. ಕ್ಲೋನ್ ಮಾಡಿದ ಪ್ರೋಟೀನಿನಲ್ಲಿ ಪಾಲಿಮರೇಸ್ ಚಟುವಟಿಕೆಯ ಕೌಂಟ್ಸ್ ಏರಿದ್ದೇ ತಡ, ಲ್ಯಾಬಿಗೆಲ್ಲ ಮೈಸೂರು ಪಾಕ್ ಹಂಚಿದೆ. ಎರಡು ವಾರ ಕಳೆದು ಖಾಲಿ ಪ್ಲಾಸ್ಮಿಡ್ ಇಟ್ಟ ಕೋಶಗಳನ್ನು ಅದೇ ರೀತಿ ಶುದ್ಧಮಾಡಿದರೆ ಅಲ್ಲೂ ಅಷ್ಟೇ ಕೌಂಟ್ಸ್. ಅದು ಆತಿಥೇಯ ಬ್ಯಾಕ್ಟೀರಿಯಾದ ಸ್ವಂತ ಪಾಲಿಮರೇಸ್. ಮೈಸೂರು ಪಾಕ್ ಮಾತ್ರ ಚೆನ್ನಾಗಿತ್ತು ಅಂತ ಗೆಳೆಯರು ಇಂದಿಗೂ ಛೇಡಿಸುತ್ತಾರೆ.

ಹಾಗಾಗಿ ಖಾಲಿ ಪ್ಲಾಸ್ಮಿಡ್‌ನ ಸಾಲು ಜೊತೆಗಿರಲಿ. ಅದಕ್ಕಿಂತ ಗಟ್ಟಿ ಸಾಕ್ಷಿ ಬೇಕಾದರೆ ಕ್ರಿಯಾಸ್ಥಾನದ ಆಸ್ಪಾರ್ಟೇಟ್ ಬದಲಿಸು, ಇ. ಕೋಲೈ ಆಲ್ಫಾದಲ್ಲಿ 401 ಮತ್ತು 403ನೆಯವು ಅಂಥವು. ರೂಪಾಂತರಿ ಪ್ರೋಟೀನು ಕಾಲಮ್‌ನಲ್ಲಿ ಅದೇ ಜಾಗದಲ್ಲಿ ಇಳಿಯಬೇಕು, ಜೊತೆಗಾರರನ್ನು ಹಿಡಿಯಬೇಕು, ಕಟ್ಟುವುದನ್ನು ಮಾತ್ರ ಮರೆತಿರಬೇಕು.

ಒಂಟಿಯಾಗಿ ಕೊಟ್ಟಾಗ ನಿನ್ನ ಸಬ್‌ಯುನಿಟ್ ಕುಂಟುತ್ತ ಕೆಲಸ ಮಾಡಿದರೆ ಇದಲ್ಲ ಅಂತ ಬಿಸಾಡಬೇಡ. ಆಲ್ಫಾ ಒಂದೇ ಇದ್ದಾಗ ಸೆಕೆಂಡಿಗೆ ಎಂಟು ನ್ಯೂಕ್ಲಿಯೋಟೈಡ್ ಜೋಡಿಸಿದರೆ ಹೆಚ್ಚು. ಇಡೀ ಸಂಸಾರ ಕೂಡಿದರೆ ಸಾವಿರದ ಹತ್ತಿರ.

ಆ ಹನ್ನೊಂದನೇ ಟ್ಯೂಬು ಇನ್ನೂ ಇದೆ ತಾನೆ? ಗ್ಲಿಸರಾಲ್ ಹಾಕಿ ಸಣ್ಣ ಸಣ್ಣ ಪಾಲು ಮಾಡಿ ಮೈನಸ್ 80ರಲ್ಲಿಡು. ಭಾನುವಾರ ಬರುವಾಗ ಜೆಲ್‌ನ ಫೋಟೋ ತಾ. ಕೆಳಗಿನ ತುದಿ ಕತ್ತರಿಸಬೇಡ ಕಣಮ್ಮ, ಥೀಟಾದಂಥ ಚಿಕ್ಕವು ಓಡಿಹೋಗುವುದು ಆ ಕಡೆಯಿಂದಲೇ.